ನಿಂತ ಲಾರಿಯೂ ಸವೆಯುತ್ತದೆ

ಅಕೌಂಟೆನ್ಸಿ ತರಗತಿಯಲ್ಲಿ ಸರ್ ಸವಕಳಿಯ ಕಾರಣಗಳನ್ನು ಬರೆಸಿದರು: ಬಳಕೆ, ಕಾಲ ಕಳೆಯುವುದು, ಹಳತಾಗುವುದು. ಬಳಸದೇ ಇಟ್ಟ ವಸ್ತು ಹೇಗೆ ಸರ್ ಸವೆಯುತ್ತೆ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಉತ್ತರ ನಮ್ಮ ಮನೆಯಲ್ಲೇ ಇದೆ.

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಅದಿರು ಗಣಿಗಾರಿಕೆ ನಿಲ್ಲಿಸಿತು. ಅದಿರು ಹೊಡೆಯುತ್ತಿದ್ದ ಲಾರಿಗಳು ನಿಂತಲ್ಲೇ ನಿಂತವು. ನಮ್ಮ ಬಡೇ ಅಬ್ಬಾ, ಅಂದರೆ ದೊಡ್ಡಪ್ಪನವರ ಲಾರಿಯೂ ನಿಂತಿತು. ಇವತ್ತು ಶುರುವಾಗುತ್ತೆ, ನಾಳೆ ಶುರುವಾಗುತ್ತೆ ಅಂತ ಬಯಲಲ್ಲೇ ಬಿಟ್ಟರು. 2013ರ ಏಪ್ರಿಲ್‌ನಲ್ಲಿ ಕೋರ್ಟಿನ ತೀರ್ಪು ಬಂದು ಗಣಿಗಳಿಗೆ ದಾರಿ ತೆರೆದಾಗ ಇಂಜಿನ್ ತಿರುಗಲೇ ಇಲ್ಲ. ಲಾರಿ ಗುಜರಿಗೆ ಹೋಯಿತು, ಸಾಲದ ಕಂತು ಉಳಿಯಿತು.

ಈ ವರ್ಷ ಅಬ್ಬಾ ಅವರ ಬೆನ್ನಿನ ಆಪರೇಷನ್ ಆಯಿತು. ಆರು ತಿಂಗಳು ಸ್ಟೇರಿಂಗ್ ಹಿಡಿಯಬಾರದು ಎಂದರು ಡಾಕ್ಟರ್. ಸಿರುಗುಪ್ಪದ ರೈಸ್ ಮಿಲ್‌ಗಳಿಗೆ ಭತ್ತ ಹೊಡೆಯುತ್ತಿದ್ದ ನಮ್ಮ ಲಾರಿಯನ್ನು ಕುರುಗೋಡಿನಲ್ಲಿ ಮಾಮು ಅವರ ಶೆಡ್ಡಿಗೆ ಹಾಕಿದೆವು. ಈ ಸಲ ಸುಮ್ಮನೆ ಬಿಡಲಿಲ್ಲ. ಕೌಲ್ ಬಜಾರಿನ ಮೆಕ್ಯಾನಿಕ್ ಉಸ್ತಾದ್ ಒಂದೊಂದೇ ಹೇಳಿದರು, ನಾನು ಬರೆದುಕೊಂಡೆ.

ಡೀಸೆಲ್: ಟ್ಯಾಂಕ್ ಫುಲ್ ಮಾಡಿಸಬೇಕು. "ನಿಂತ ಗಾಡಿಗೆ ಇಷ್ಟು ದುಡ್ಡು ಯಾಕೆ?" ಎಂದರು ಅಬ್ಬಾ. ಖಾಲಿ ಜಾಗದಲ್ಲಿರುವ ಗಾಳಿಯ ತೇವ ರಾತ್ರಿ ತಣ್ಣಗಾಗಿ ನೀರಾಗುತ್ತದೆ. ನೀರು ಡೀಸೆಲ್‌ನ ಕೆಳಗೆ ಕೂತು ತುಕ್ಕು ಹಿಡಿಸುತ್ತದೆ. ನೀರು, ಡೀಸೆಲ್ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗಿ ಫಿಲ್ಟರ್ ಕಟ್ಟುತ್ತದೆ.

ಆಯಿಲ್, ನೀರು: ಓಡಿದ ಆಯಿಲ್‌ನಲ್ಲಿ ಆಮ್ಲ ಇರುತ್ತದೆ, ಅದು ಬೇರಿಂಗ್ ತಿನ್ನುತ್ತದೆ. ಆದ್ದರಿಂದ ನಿಲ್ಲಿಸುವ ಮೊದಲೇ ಆಯಿಲ್ ಬದಲಿಸಿ, ಸ್ವಲ್ಪ ಹೊತ್ತು ಇಂಜಿನ್ ಓಡಿಸಬೇಕು. ರೇಡಿಯೇಟರ್‌ಗೆ ಬರೀ ನೀರಲ್ಲ, ಕೂಲೆಂಟ್ ಬೆರೆಸಬೇಕು. ಚಳಿ ದೇಶದಲ್ಲಿ ಅದು ನೀರು ಹೆಪ್ಪುಗಟ್ಟದಂತೆ ತಡೆಯುತ್ತದೆ, ನಮ್ಮ ಬಳ್ಳಾರಿಯಲ್ಲಿ ತುಕ್ಕು ತಡೆದರೆ ಸಾಕು.

ಬ್ಯಾಟರಿ: ಮೊದಲು ನೆಗೆಟಿವ್ ವೈರ್ ಬಿಚ್ಚಬೇಕು. 12 ವೋಲ್ಟಿನ ಎರಡೂ ಬ್ಯಾಟರಿ ತೆಗೆದು ನೆರಳಲ್ಲಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.

ಟೈರ್, ಬ್ರೇಕ್: ಒಂದೇ ಜಾಗದಲ್ಲಿ ಭಾರ ಬಿದ್ದರೆ ಟೈರ್ ಚಪ್ಪಟೆಯಾಗುತ್ತದೆ. ಜಾಕ್ ಎತ್ತಿ ಮರದ ದಿಮ್ಮಿ ಕೊಟ್ಟೆವು. ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟುತ್ತದೆ. ಗಾಳಿ ಇಳಿದಾಗ ತಾನೇ ಬಿಗಿಯುವ ಬ್ರೇಕ್ ಇದ್ದರೆ ಅದನ್ನು ಮೆಕ್ಯಾನಿಕ್ಕೇ ಸಡಿಲಿಸಬೇಕು. ಏರ್ ಟ್ಯಾಂಕಿನ ನೀರನ್ನೂ ಬಿಟ್ಟೆವು.

ಇಲಿ, ಧೂಳು: ಸೈಲೆನ್ಸರ್ ಬಾಯಿ, ಗಾಳಿ ಎಳೆಯುವ ಬಾಯಿ ಎರಡಕ್ಕೂ ಪ್ಲಾಸ್ಟಿಕ್ ಕಟ್ಟಿ, ಕಟ್ಟಿದ್ದೇವೆ ಎಂಬ ಚೀಟಿಯನ್ನು ಸ್ಟೇರಿಂಗಿಗೆ ತೂಗುಹಾಕಿದೆವು. ಮರೆತು ಸ್ಟಾರ್ಟ್ ಮಾಡಿದರೆ ಕಷ್ಟ.

ಕಾಗದ: ಇದು ನನ್ನ ಪಾಲಿನ ಕೆಲಸ. ಲಾರಿ ಓಡಿಸುವುದಿಲ್ಲ ಎಂದು ಆರ್‌ಟಿಒ ಕಚೇರಿಗೆ ಮೊದಲೇ ತಿಳಿಸಿ, ದಾಖಲೆ ಒಪ್ಪಿಸಿ, ನಿಲ್ಲಿಸುವ ಜಾಗ ಬರೆದುಕೊಟ್ಟರೆ ಆ ಅವಧಿಯ ತೆರಿಗೆ ವಿನಾಯಿತಿ ಕೇಳಬಹುದು. ನಿಲ್ಲಿಸಿದ ಮೇಲೆ ಹೇಳಿದರೆ ಆಗುವುದಿಲ್ಲ.

"ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಲದಾ, ಉಸ್ತಾದ್?" ಎಂದು ಕೇಳಿದೆ. ಸಾಲದು. ಇಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಒಳಗಿನ ತೇವ ಅಲ್ಲೇ ಉಳಿಯುತ್ತದೆ, ಲಾಭಕ್ಕಿಂತ ನಷ್ಟ ಹೆಚ್ಚು. ಮತ್ತೆ ರಸ್ತೆಗಿಳಿಸುವ ದಿನ ಮುಚ್ಚಿದ್ದನ್ನೆಲ್ಲ ಬಿಚ್ಚಿ, ಆಯಿಲ್ ನೋಡಿ, ಫಿಲ್ಟರ್‌ನ ನೀರು ತೆಗೆದು, ಕೈಪಂಪಿನಿಂದ ಡೀಸೆಲ್ ಲೈನಿನ ಗಾಳಿ ಹೊರಹಾಕಿ, ಆಮೇಲೆ ಕೀ ತಿರುಗಿಸಬೇಕು.

ಡೀಸೆಲ್, ಆಯಿಲ್, ಕೂಲೆಂಟಿನ ಬಿಲ್ಲುಗಳನ್ನು ಕೂಡಿ ಅಬ್ಬಾಗೆ ತೋರಿಸಿದೆ. ಡೀಸೆಲ್ ಹೇಗೂ ಮುಂದೆ ಉರಿಯುತ್ತದೆ, ಅದು ಖರ್ಚಲ್ಲ, ದಾಸ್ತಾನು ಎಂದೆ. ಆಪರೇಷನ್ ಆದ ಮೇಲೆ ಅಬ್ಬಾ ಮೊದಲ ಸಲ ನಕ್ಕರು.

ನಾಲ್ಕು ತಿಂಗಳಾಯಿತು. ತಿಂಗಳಿಗೊಂದು ಭಾನುವಾರ ಬಸ್ ಹತ್ತಿ ಕುರುಗೋಡಿಗೆ ಹೋಗಿ ಬ್ಯಾಟರಿ ಚಾರ್ಜಿಗೆ ಹಾಕಿ ಬರುತ್ತೇನೆ. ಬಡೇ ಅಬ್ಬಾ ಕೂಡ ಒಮ್ಮೆ ಜೊತೆಗೆ ಬಂದಿದ್ದರು. ದಿಮ್ಮಿಯ ಮೇಲೆ ನಿಂತ ಲಾರಿಯನ್ನು ಒಂದು ಸುತ್ತು ನೋಡಿ, "ನಮಗೆ ಆಗ ಯಾರೂ ಹೇಳಲಿಲ್ಲ" ಎಂದರು. ಅದಕ್ಕೇ ಇದನ್ನು ಬರೆದೆ. ನಿಮ್ಮ ಮನೆಯಲ್ಲೂ ಲಾರಿಯೋ ಟ್ರ್ಯಾಕ್ಟರೋ ನಿಂತಿದ್ದರೆ ಇವತ್ತೇ ಒಮ್ಮೆ ಹೋಗಿ ನೋಡಿ.