ಎರೆ ಸೀಮೆಯ ದಾರಿಗೆ ಎಂಥ ಟೈರು?

ವಳಕಮದಿನ್ನಿಯಂಥ ಊರಿನಿಂದ ದಿನಾ ಸಿಂಧನೂರಿಗೋ ಮಸ್ಕಿಗೋ ಲಿಂಗಸುಗೂರಿಗೋ ಓಡಾಡುವ ಬೊಲೆರೊ, ಸ್ಕಾರ್ಪಿಯೊ, ಥಾರ್‌ಗಳು ತುಳಿಯುವ ನೆಲ ಒಂದೇ ಬಗೆಯದಲ್ಲ. ಈ ಮೂರೂ ಪಟ್ಟಣಗಳನ್ನು ಹಾಯ್ದು ಸಿರುಗುಪ್ಪದ ಕಡೆಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಇದೆ. ಅದರಿಂದ ಇಳಿದರೆ ಗರಸು ಹಾಕಿದ ದಾರಿ, ಕಾಲುವೆಯ ಏರಿ, ಕಡೆಗೆ ಹೊಲದ ಎರೆಮಣ್ಣು. ಟೈರು ಸವೆದು ಹೊಸದು ಹಾಕಿಸುವಾಗ ಅನೇಕರು ಆ ಎರೆಮಣ್ಣನ್ನೇ ಮನಸ್ಸಿನಲ್ಲಿಟ್ಟುಕೊಂಡು ದಪ್ಪ ಬಟನ್ನಿನ ಆಲ್ ಟೆರೇನ್ ಟೈರು ಕೇಳುತ್ತಾರೆ. ಆ ಟೈರು ಈ ಭಾಗಕ್ಕೆ ಒಪ್ಪುತ್ತದೆ ನಿಜ, ಆದರೆ ಒಪ್ಪುವುದು ಗರಸಿಗೆ ಮತ್ತು ಮುಳ್ಳಿಗೆ. ಕೆಸರಿನ ಆಸೆಗೆ ದುಡ್ಡು ಹಾಕಿದವರಿಗೆ ನಿರಾಸೆಯೇ ಗತಿ.

ಯಾಕೆ ಅನ್ನುವುದು ಮಣ್ಣಿನಲ್ಲೇ ಇದೆ. ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಹೇರಳ. ಅದರ ತೆಳು ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬಿಡುತ್ತದೆ. ಒದ್ದೆಯಾದ ಎರೆಯ ಮೇಲೆ ಗಾಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ಬಟನ್‌ಗಳ ನಡುವಿನ ಸಂದೆಲ್ಲ ಮಣ್ಣು ತುಂಬಿ ಟೈರು ನುಣ್ಣಗಾಗುತ್ತದೆ. ಆಮೇಲೆ ಮಡ್‌ಗಾರ್ಡ್ ಒಳಗೂ ಮಣ್ಣು ಮೆತ್ತಿ ಚಕ್ರ ತಿರುಗುವುದೇ ಕಷ್ಟ. ಅಗಲ ಸಂದಿನ ಮಡ್ ಟೆರೇನ್ ಟೈರು ವೇಗವಾಗಿ ತಿರುಗಿದಾಗ ಮಣ್ಣನ್ನು ಒಂದಿಷ್ಟು ಎಸೆಯಬಲ್ಲದು. ಆಲ್ ಟೆರೇನ್‌ನ ಸಂದು ಅಷ್ಟು ಅಗಲವಿಲ್ಲ. ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರಿಗೇ ಕಬ್ಬಿಣದ ಕೇಜ್ ವೀಲ್ ಕಟ್ಟಬೇಕಾಗುವ ಸೀಮೆ ಇದು. ಮೇಲಾಗಿ ಇಲ್ಲಿನ ಬೊಲೆರೊಗಳಲ್ಲಿ ಬಹುಪಾಲು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ನಿನ ಬಲ ಸಿಗುವಂಥವು. ಟೈರು ಬದಲಿಸಿದ ಮಾತ್ರಕ್ಕೆ ಅವು ಫೋರ್‌ ವೀಲ್ ಡ್ರೈವ್ ಆಗುವುದಿಲ್ಲ.

ಈಗ ಗರಸಿನ ಮಾತು. ಚೂಪು ಕಲ್ಲಿನ ದಾರಿಯಲ್ಲಿ ಹೆದ್ದಾರಿ ಟೈರಿನ ತೆಳು ಬಟನ್ ಚಕ್ಕೆ ಎದ್ದು ಹೋಗುತ್ತದೆ, ಪಕ್ಕದ ಗೋಡೆ ಕಲ್ಲಿಗೆ ಉಜ್ಜಿ ಸೀಳುತ್ತದೆ. ನೆಲ ಮುಟ್ಟುವ ಭಾಗಕ್ಕೆ ಪಂಕ್ಚರ್ ಹಾಕಬಹುದು, ಪಕ್ಕ ಸೀಳಿದರೆ ಟೈರನ್ನೇ ಬದಲಿಸಬೇಕು. ಕಾಲುವೆ ದಂಡೆಯುದ್ದಕ್ಕೂ ಹಬ್ಬಿರುವ ಬಳ್ಳಾರಿ ಜಾಲಿಯ ಮುಳ್ಳು ಒಣಗಿದ ಮೇಲೂ ಮೊಳೆಯಷ್ಟೇ ಗಟ್ಟಿ. ಆಲ್ ಟೆರೇನ್ ಟೈರಿನಲ್ಲಿ ರಬ್ಬರ್ ಹೆಚ್ಚು ಆಳವಾಗಿರುತ್ತದೆ, ಎಷ್ಟೋ ಮಾದರಿಗಳಲ್ಲಿ ಪಕ್ಕದ ಗೋಡೆಯೂ ಗಟ್ಟಿ. ಕೆಸರು ವರ್ಷದಲ್ಲಿ ಕೆಲವು ವಾರಗಳ ಕಾಟ, ಗರಸು ಮತ್ತು ಮುಳ್ಳು ದಿನನಿತ್ಯದ್ದು. ಕಾಲುವೆ ನೀರಿನಿಂದ ಮಳೆಯಿಲ್ಲದಾಗಲೂ ಇಲ್ಲಿ ನೆಲ ಹಸಿಯಿರುತ್ತದಲ್ಲ ಎಂದು ಕೇಳಬಹುದು. ಹಸಿಯಿರುವುದು ಗದ್ದೆ, ಅಲ್ಲಿಗೆ ಜೀಪು ಇಳಿಸುವ ಕೆಲಸವೇನೂ ಇರುವುದಿಲ್ಲ. ಏರಿಯ ದಾರಿ ಒದ್ದೆಯಾಗಿದ್ದರೆ ಅರ್ಧ ದಿನ ಆರಲು ಬಿಡುವುದೇ ಒಳ್ಳೆಯದು.

ಇದಕ್ಕೆ ಬೆಲೆಯೂ ತೆರಬೇಕು. ಆಲ್ ಟೆರೇನ್ ಟೈರು ಭಾರ, ಹಾಗಾಗಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸದ್ದೂ ಜಾಸ್ತಿ. ಬಟನ್‌ಗಳು ಬಿಡಿಬಿಡಿಯಾಗಿರುವುದರಿಂದ ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಾಕಿದಾಗ ಹೆದ್ದಾರಿ ಟೈರಿಗಿಂತ ಗಾಡಿ ಸಾಮಾನ್ಯವಾಗಿ ತುಸು ಮುಂದೆ ಹೋಗಿ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಭತ್ತದ ಲಾರಿಗಳ ನಡುವೆ ದಿನಾ ಓಡಾಡುವವರು ಇದನ್ನು ಹಗುರವಾಗಿ ಎಣಿಸಬಾರದು. ಆದ್ದರಿಂದ ಒರಟು ಮಾದರಿ ಬೇಡ. ನಡುಭಾಗದಲ್ಲಿ ಬಟನ್‌ಗಳು ಹತ್ತಿರ ಹತ್ತಿರ ಕೂತ ಸೌಮ್ಯ ಮಾದರಿಯೇ ಸಾಕು. ದಿನಾ ಬರೀ ಡಾಂಬರಿನಲ್ಲೇ ಓಡುವ ಗಾಡಿಗೆ ಹೆದ್ದಾರಿ ಟೈರೇ ಸರಿ.

ದೊಡ್ಡ ಅಳತೆ ಹಾಕಿಸಿದರೆ ಗಾಡಿ ಎತ್ತರವಾಗುತ್ತದೆ, ಗತ್ತೂ ಬರುತ್ತದೆ ಎಂಬ ವಾದವಿದೆ. ಲೆಕ್ಕ ಹಾಕಿ ನೋಡೋಣ. 215/75 ಆರ್15 ಎಂದರೆ 215 ಮಿ.ಮೀ. ಅಗಲ, ಅದರ ಶೇ 75ರಷ್ಟು ಪಕ್ಕದ ಎತ್ತರ, 15 ಇಂಚಿನ ರಿಮ್. ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಅದೇ 235/75 ಹಾಕಿಸಿದರೆ 733 ಮಿ.ಮೀ. ಆಗುತ್ತದೆ. ಗಾಡಿ ಎತ್ತರವಾಗುವುದು ಕೇವಲ 15 ಮಿ.ಮೀ. ಆದರೆ ಸ್ಪೀಡೊಮೀಟರ್ ಮೊದಲಿಗಿಂತ ಶೇ 4ರಷ್ಟು ಕಡಿಮೆ ವೇಗ ತೋರಿಸುತ್ತದೆ, ಗೇರು ಭಾರವಾಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಬಾಡಿಗೆ ತಾಗಲೂಬಹುದು. ಖರ್ಚು ಉಳಿಸಲು ಹಿಂದಿನ ಎರಡಕ್ಕೆ ಮಾತ್ರ ಬಟನ್ ಟೈರು ಹಾಕಿಸುವುದೂ ಸರಿಯಲ್ಲ. ಮಳೆಯಲ್ಲಿ ಮುಂದಿನದಕ್ಕೊಂದು ಹಿಡಿತ, ಹಿಂದಿನದಕ್ಕೊಂದು ಹಿಡಿತ ಇದ್ದರೆ ತಿರುವಿನಲ್ಲಿ ಹಿಂಭಾಗ ಜಾರುತ್ತದೆ.

ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗಾಳಿ ಕಡಿಮೆಯಿರುವ ಟೈರು ಆ ಬಿಸಿಯಲ್ಲಿ ಮಡಚಿ ಮಡಚಿ ಒಳಗಿಂದಲೇ ಕಾದು ಒಡೆಯುತ್ತದೆ. ಗಾಡಿ ಓಡಿಸುವ ಮುಂಚೆ, ಟೈರು ತಣ್ಣಗಿರುವಾಗಲೇ, ಬಾಗಿಲ ಪಕ್ಕದ ಚೀಟಿಯಲ್ಲಿರುವಷ್ಟು ಗಾಳಿ ಹಿಡಿಸಬೇಕು. ಅಂಗಡಿಯಲ್ಲಿ ಪಕ್ಕದ ಗೋಡೆ ಮೇಲಿನ ನಾಲ್ಕು ಅಂಕಿ ಓದಿ: 2325 ಎಂದಿದ್ದರೆ ಅದು 2025ರ 23ನೇ ವಾರ ತಯಾರಾದದ್ದು. ಭಾರದ ಸಂಖ್ಯೆ 100 ಎಂದರೆ ಒಂದು ಟೈರು 800 ಕೆ.ಜಿ. ಹೊರಬಲ್ಲದು, ಹಳೆಯದಕ್ಕಿಂತ ಕಡಿಮೆ ಸಂಖ್ಯೆಯದನ್ನು ಅಂಗಡಿಯವರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಒಪ್ಪಬೇಡಿ.