ಮಳೆಗಾಲದಲ್ಲಿ ಉಚಿತ ಕಾವಲುಗಾರ

ಉಚಿತ ವೈರಸ್ ನಿರೋಧಕಗಳಲ್ಲಿ ಯಾವುದು ಸಮರ್ಥವೆಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಬಂಧುಗಳು ನಮ್ಮನ್ನು ಕೇಳುವುದುಂಟು. ಆಸ್ಟ್ರಿಯಾ ದೇಶದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಯು ಸಾವಿರಾರು ಹಾನಿಕರ ಕಡತಗಳನ್ನೊಡ್ಡಿ ಇವುಗಳನ್ನು ಪರೀಕ್ಷಿಸುತ್ತದೆ. ಅಂತರ್ಜಾಲವಿರುವಾಗ ಅವಾಸ್ಟ್, ಎವಿಜಿ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇವುಗಳ ನಡುವಣ ಅಂತರ ಅತ್ಯಲ್ಪ. (ಎವಿಜಿಯನ್ನು 2016ರಲ್ಲಿ ಅವಾಸ್ಟ್ ಸಂಸ್ಥೆಯೇ ಕೊಂಡಿತು, ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದರಿಂದ ವಿಶೇಷ ಲಾಭವಿಲ್ಲ.) ಮಲೆನಾಡಿನವರು ನೋಡಬೇಕಾದುದು ಅಂತರ್ಜಾಲವಿಲ್ಲದಾಗಿನ ಪತ್ತೆಯ ಅಂಕಿಗಳನ್ನು. ದೂರದ ಸರ್ವರನ್ನು ಕೇಳಿ ನಿರ್ಣಯಿಸುವುದೇ ಹೆಚ್ಚಾದ ಡಿಫೆಂಡರ್, 2023ರ ಪರೀಕ್ಷೆಯಲ್ಲಿ ಈ ವಿಷಯದಲ್ಲಿ ಬಹಳ ಹಿಂದುಳಿದಿತ್ತು. ಆಷಾಢದ ಗಾಳಿಮಳೆಗೆ ಸಂಪರ್ಕ ಕಡಿದ ದಿನ, ಯಾರೋ ತಂದ ಪೆನ್‌ಡ್ರೈವ್‌ನ ಮದುವೆ ಚಿತ್ರಗಳೊಡನೆ ವೈರಸ್ ನುಸುಳಿದರೆ ಅಡಿಕೆಯ ಲೆಕ್ಕ, ಜಮೀನಿನ ಪತ್ರಗಳ ಪ್ರತಿಗಳೆಲ್ಲ ಹೋದಂತೆಯೇ. ಡಿಫೆಂಡರ್ ಒಂದನ್ನೇ ನಂಬಿದ ಮನೆಯವರು ಸಂಪರ್ಕ ಮರಳುವವರೆಗೆ ಅಂಥ ಪೆನ್‌ಡ್ರೈವನ್ನು ತೆರೆಯದಿರುವುದು ಲೇಸು.