ಅಲೆಕ್ಸಾಂಡರ್ ಮುತ್ತದೇ ಬಿಟ್ಟುಹೋದ ಬೆಟ್ಟದ ಊರು

ಟರ್ಕಿ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಇಸ್ತಾಂಬುಲ್, ಆಮೇಲೆ ಕಪ್ಪಡೋಕಿಯಾದ ಬಲೂನು. ಸ್ವಲ್ಪ ಓದಿಕೊಂಡು ಹೋದವರು ಎಫೆಸಸ್ ನೋಡಿ ಬರ್ತಾರೆ. ದಕ್ಷಿಣ ಕರಾವಳಿಯ ಅಂಟಾಲ್ಯಕ್ಕೆ ಹೋದವರು ಬೀಚು, ಹಳೇ ಪೇಟೆ ಸುತ್ತಿ ವಾಪಸ್. ಆದರೆ ಅಂಟಾಲ್ಯದಿಂದ ಮೂವತ್ತು ಚಿಲ್ಲರೆ ಕಿ.ಮೀ. ದೂರದಲ್ಲಿ, ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಎತ್ತರದಲ್ಲಿ, ಒಂದು ಇಡೀ ಊರು ಕಾಡಿನ ಮಧ್ಯೆ ಬಿದ್ದುಕೊಂಡಿದೆ. ಅದರ ಹೆಸರು ಟರ್ಮೆಸೋಸ್.

ಹೆದ್ದಾರಿ ಬಿಟ್ಟು ರಾಷ್ಟ್ರೀಯ ಉದ್ಯಾನದ ಗೇಟು ದಾಟಿದ ಮೇಲೆ ಸುಮಾರು 9 ಕಿ.ಮೀ. ತಿರುವು ರಸ್ತೆ. ಅದು ಮುಗಿಯುವಲ್ಲಿ ಪಾರ್ಕಿಂಗ್. ಪಕ್ಕದಲ್ಲೇ ರೋಮ್ ಚಕ್ರವರ್ತಿ ಹೇಡ್ರಿಯನ್ ಹೆಸರಿನ ಒಂದು ದೊಡ್ಡ ಕಲ್ಲಿನ ಬಾಗಿಲು ನಿಂತಿದೆ. ಅದರ ಹಿಂದಿದ್ದ ಗುಡಿ ಮಾತ್ರ ಕುಸಿದುಬಿದ್ದಿದೆ. ಇಲ್ಲಿಂದ ಮುಂದೆ ನಡೆದೇ ಹೋಗಬೇಕು. ಕಾಲ ಕೆಳಗೆ ಅಲ್ಲಲ್ಲಿ ಹಳೇ ರಾಜಬೀದಿಯ ಚಪ್ಪಡಿಗಳು, ಎರಡೂ ಕಡೆ ಪೈನ್ ಮತ್ತು ಓಕ್ ಮರಗಳು. ಮಧ್ಯೆ ಕೋಟೆಗೋಡೆ, ಆಮೇಲೆ ಕಮಾನುಗಳ ಮೇಲೆ ಬಳ್ಳಿ ಹಬ್ಬಿದ ಜಿಮ್ನಾಸಿಯಂ ಸಿಗುತ್ತವೆ. ಅರ್ಧ ಗಂಟೆ ಹತ್ತುವಷ್ಟರಲ್ಲಿ ಈ ಊರಿಗೆ ದಂಡು ಯಾಕೆ ಬರಲಿಲ್ಲ ಅನ್ನೋದು ನಿಮ್ಮ ಮೊಣಕಾಲಿಗೇ ಅರ್ಥವಾಗುತ್ತೆ.

ದಂಡು ಬಂದಿತ್ತು, ಹತ್ತಲಿಲ್ಲ

ಇಲ್ಲಿನವರು ತಮ್ಮನ್ನು ಸೊಲಿಮಿ ಅಂತ ಕರೆದುಕೊಳ್ಳುತ್ತಿದ್ದರು. ಬೆಟ್ಟದ ಹಳೇ ಹೆಸರೂ ಸೊಲಿಮೋಸ್. ಹೋಮರನ 'ಇಲಿಯಡ್'ನಲ್ಲಿ ಬರುವಷ್ಟು ಹಳಬರು ಇವರು. ಕ್ರಿ.ಪೂ. 333ರ ಹೊತ್ತಿಗೆ ಅಲೆಕ್ಸಾಂಡರ್ ಈ ದಾರಿಯಲ್ಲಿ ಬಂದ. ಬೆಟ್ಟದ ಕೆಳಗಿನ ಕಿರಿದಾದ ಕಣಿವೆಯ ಎರಡೂ ಬದಿ ಊರಿನವರು ಹತ್ತಿ ಕೂತಿದ್ದರು. ಕಾವಲಿನವರನ್ನು ಚದುರಿಸಿ ಕಣಿವೆ ದಾಟಿದ ಅಲೆಕ್ಸಾಂಡರ್, ಊರನ್ನು ಗೆಲ್ಲೋಕೆ ತುಂಬಾ ಸಮಯ ಹಿಡಿಯುತ್ತೆ ಅಂತ ಲೆಕ್ಕ ಹಾಕಿ ಸಗಲಸ್ಸೋಸ್ ಕಡೆಗೆ ಹೊರಟುಹೋದ. ಗ್ರೀಕ್ ಇತಿಹಾಸಕಾರ ಅರಿಯನ್ ಇದನ್ನು ಬರೆದಿಟ್ಟಿದ್ದಾನೆ.

ಟೂರಿಸ್ಟ್ ಬೋರ್ಡುಗಳಲ್ಲಿ ಮಿಂಚುವುದು ಈ ಕಥೆ. ನನಗೆ ಅದಕ್ಕಿಂತ ಹೆಚ್ಚು ಕಾಡಿದ್ದು ಹದಿನಾಲ್ಕು ವರ್ಷ ಆಮೇಲೆ ನಡೆದದ್ದು.

ಅತಿಥಿಯನ್ನು ಒಪ್ಪಿಸೋದಾ, ಬೇಡವಾ?

ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳು ಒಬ್ಬರ ಮೇಲೊಬ್ಬರು ಬಿದ್ದರು. ಅವರಲ್ಲೊಬ್ಬ ಅಲ್ಕೆಟಸ್. ಕ್ರಿ.ಪೂ. 319ರಲ್ಲಿ ಆಂಟಿಗೊನಸ್‌ನ ಕೈಲಿ ಸೋತು ಟರ್ಮೆಸೋಸ್‌ಗೆ ಓಡಿಬಂದ. ಮೊದಲಿಂದಲೂ ಈ ಸೀಮೆಯ ಜನರನ್ನು ಚೆನ್ನಾಗಿ ನೋಡಿಕೊಂಡಿದ್ದವನು, ಲೂಟಿಯಲ್ಲಿ ಪಾಲು ಕೊಟ್ಟಿದ್ದವನು. ಹಾಗಾಗಿ ಊರಿನ ಹುಡುಗರು 'ನಿನ್ನ ಕೈಬಿಡಲ್ಲ' ಅಂದರು.

ಆಂಟಿಗೊನಸ್ ದೊಡ್ಡ ಸೈನ್ಯದ ಜೊತೆ ಬಂದು, ಅವನನ್ನು ಒಪ್ಪಿಸಿ ಅಂದ. ಹಿರಿಯರಿಗೆ ದಿಗಿಲು. ಒಬ್ಬನಿಗೋಸ್ಕರ ಇಡೀ ಊರನ್ನು ಬಲಿ ಕೊಡೋದಾ? ಹುಡುಗರು ಕೇಳಲಿಲ್ಲ. ಹಿರಿಯರು ರಾತ್ರೋರಾತ್ರಿ ಗುಟ್ಟಾಗಿ ಆಂಟಿಗೊನಸ್‌ಗೆ ಹೇಳಿ ಕಳಿಸಿದರು: ನೀನು ಕಾದಾಡಿ ಓಡಿದ ಹಾಗೆ ಮಾಡಿ ಹುಡುಗರನ್ನು ಊರಿಂದ ದೂರ ಎಳೆದುಕೊಂಡು ಹೋಗು, ಮಿಕ್ಕಿದ್ದು ನಾವು ನೋಡಿಕೊಳ್ತೀವಿ. ಹಾಗೇ ಆಯಿತು. ಹುಡುಗರು ಹೊರಗೆ ಕಾದಾಡುತ್ತಿದ್ದಾಗ ಹಿರಿಯರ ಕಡೆಯವರು ಅಲ್ಕೆಟಸ್‌ನ ಮೇಲೆ ಬಿದ್ದರು. ಜೀವಂತ ಸಿಕ್ಕಬಾರದು ಅಂತ ಅವನು ತನ್ನನ್ನೇ ಕೊಂದುಕೊಂಡ. ಆಂಟಿಗೊನಸ್ ಮೂರು ದಿನ ಆ ಹೆಣಕ್ಕೆ ಅವಮಾನ ಮಾಡಿ, ಹೂಳದೇ ಬಿಟ್ಟು ಹೊರಟುಹೋದ.

ವಾಪಸ್ ಬಂದ ಹುಡುಗರಿಗೆ ವಿಷಯ ಗೊತ್ತಾಗಿ, ಊರಿಗೇ ಬೆಂಕಿ ಇಡ್ತೀವಿ ಅಂತ ಎದ್ದರು. ಕೊನೆಗೆ ಅದನ್ನು ಕೈಬಿಟ್ಟರು. ಹೆಣವನ್ನು ತಂದು ಗೌರವದಿಂದ ಮಣ್ಣು ಮಾಡಿದರು. ಡಿಯೊಡೋರಸ್ ಬರೆದಿರುವ ಕಥೆ ಇದು.

ಬೆಟ್ಟದ ಪಕ್ಕದಲ್ಲಿ ಬಂಡೆಯಲ್ಲೇ ಕೊರೆದ ಒಂದು ಸಮಾಧಿ ಇದೆ. ಗೋಡೆಯ ಮೇಲೆ ಕುದುರೆ ಸವಾರನ ಕೆತ್ತನೆ. ನಿಧಿಗಳ್ಳರು ಕೆಡಿಸಿದ್ದರೂ ಗುರುತು ಸಿಗುತ್ತೆ. ಅದು ಅಲ್ಕೆಟಸ್‌ನದ್ದೇ ಅಂತ ವಿದ್ವಾಂಸರು ಭಾವಿಸುತ್ತಾರೆ. ಅದರ ಮುಂದೆ ನಿಂತಾಗ ಯಾರು ಸರಿ ಅನ್ನೋ ಪ್ರಶ್ನೆ ಬರದೇ ಇರಲ್ಲ. ಹಿರಿಯರ ಉಪಾಯದಿಂದ ಊರು ಉಳಿಯಿತು ಅನ್ನೋದು ನಿಜ. ಆದರೆ ಅವರ ಹೆಸರಲ್ಲಿ ಅಲ್ಲಿ ಒಂದು ಕಲ್ಲೂ ಇಲ್ಲ. ಊರು ನೆನಪಿಟ್ಟುಕೊಂಡಿದ್ದು ತಾನು ಉಳಿಸಿಕೊಳ್ಳಲಾಗದ ಅತಿಥಿಯನ್ನು.

ಕೊನೆಗೆ ಸೋಲಿಸಿದ್ದು ನೀರು

ಆಮೇಲೂ ಊರು ಚೆನ್ನಾಗೇ ಬಾಳಿತು. ಕ್ರಿ.ಪೂ. ಮೊದಲ ಶತಮಾನದಲ್ಲಿ ರೋಮ್ ಇವರನ್ನು 'ಸ್ನೇಹಿತರು ಮತ್ತು ಮಿತ್ರರು' ಅಂತ ಒಪ್ಪಿ, ನಿಮ್ಮ ಕಾನೂನು ನಿಮಗಿರಲಿ ಅಂದಿತು. ಮೇಲೆ ಅಗೋರಾ ಅನ್ನುವ ಸಂತೆಮಾಳದ ಹತ್ತಿರ ಬಂಡೆ ಕೊರೆದು ಮಾಡಿದ ಐದು ದೊಡ್ಡ ನೀರಿನ ತೊಟ್ಟಿಗಳಿವೆ. ಬಾಯಿ ತೆರೆದೇ ಇವೆ, ನೋಡಿಕೊಂಡು ಕಾಲಿಡಿ. ಇದರ ಜೊತೆಗೆ ಹೊರಗಿನಿಂದ ಕಾಲುವೆಯಲ್ಲಿ ನೀರು ಬರುತ್ತಿತ್ತು. ಭೂಕಂಪದಲ್ಲಿ ಆ ಕಾಲುವೆ ಒಡೆದುಹೋಯಿತು, ಸುಮಾರು 5ನೇ ಶತಮಾನದ ನಂತರ ಜನ ಊರು ಬಿಟ್ಟರು ಅನ್ನೋದು ಸಾಮಾನ್ಯವಾಗಿ ಕೊಡುವ ವಿವರಣೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್. ಶತ್ರುವಿಗೆ ಹತ್ತೋಕಾಗದ ಎತ್ತರಕ್ಕೆ ನೀರನ್ನೂ ಹತ್ತಿಸಬೇಕಲ್ಲ!

ಮುಂದೆ ಯಾರೂ ಇಲ್ಲಿ ಊರು ಕಟ್ಟಲಿಲ್ಲ. 1880ರ ದಶಕದಲ್ಲಿ ಲಾಂಕೊರೊನ್ಸ್ಕಿ ಎಂಬ ಕೌಂಟ್‌ನ ತಂಡ ಬಂದು ನಕ್ಷೆ ಬರೆದುಕೊಂಡಿತು. ದೊಡ್ಡ ಉತ್ಖನನ ಮಾತ್ರ ಬಹಳ ಕಾಲ ನಡೆಯಲಿಲ್ಲ. ಹಾಗಾಗಿ ನಾವು ಹೋದಾಗ ಇಲ್ಲಿ ಕಲ್ಲುಗಳನ್ನು ಜೋಡಿಸಿ, ಹುಲ್ಲು ಕತ್ತರಿಸಿ, ಹಗ್ಗ ಕಟ್ಟಿರಲಿಲ್ಲ. ಬಿದ್ದಿದ್ದು ಬಿದ್ದಲ್ಲೇ ಇತ್ತು. ಸ್ಮಶಾನದ ಇಳಿಜಾರಿನಲ್ಲಿ ನೂರಾರು ಕಲ್ಲಿನ ಶವಪೆಟ್ಟಿಗೆಗಳು ಅಡ್ಡಾದಿಡ್ಡಿ ಬಿದ್ದಿವೆ. ಕೆಲವದರ ಮೇಲೆ ಗುರಾಣಿ, ಈಟಿ. ಇನ್ನು ಕೆಲವದರ ಮೇಲೆ, ಈ ಪೆಟ್ಟಿಗೆ ತೆರೆದವನು ಸೊಲಿಮೋಸ್‌ನ ಜೀಯಸ್ ದೇವರಿಗೆ ಇಷ್ಟು ದಂಡ ಕಟ್ಟಬೇಕು ಎಂಬ ಶಾಸನ. ಆದರೂ ಹೆಚ್ಚಿನ ಪೆಟ್ಟಿಗೆಗಳು ಒಡೆದೇ ಇವೆ.

ಎಲ್ಲಕ್ಕಿಂತ ಚಂದ ಥಿಯೇಟರ್. ನಾಲ್ಕೈದು ಸಾವಿರ ಜನ ಕೂರಬಹುದಾಗಿದ್ದ ಅರ್ಧಚಂದ್ರದ ಮೆಟ್ಟಿಲುಗಳು. ಎದುರಿಗೆ ಕಡಿದಾದ ಬೆಟ್ಟ, ಪಕ್ಕಕ್ಕೆ ತಿರುಗಿದರೆ ಕೆಳಗೆ ಬಯಲು. ಆಕಾಶ ತಿಳಿಯಾಗಿದ್ದರೆ ಅಂಟಾಲ್ಯದ ಕಡಲೂ ಕಾಣುತ್ತೆ. ನಾವು ಹೋದ ದಿನ ಅಲ್ಲಿದ್ದದ್ದು ಏಳೆಂಟು ಜನ, ಅಷ್ಟೇ.

ಹೋಗೋದಾದ್ರೆ

* ಏಪ್ರಿಲ್–ಮೇ ಅಥವಾ ಅಕ್ಟೋಬರ್ ಒಳ್ಳೇ ಕಾಲ. ಬೇಸಿಗೆಯಲ್ಲಾದ್ರೆ ಬೆಳಗ್ಗೆ ಬೇಗ ಹತ್ತಿ.
* ಬಾಡಿಗೆ ಕಾರು ಅನುಕೂಲ. ಕೊರ್ಕುತೆಲಿ ಕಡೆ ಹೋಗುವ ಬಸ್ಸು ಗೇಟಿನ ಹತ್ತಿರ ಇಳಿಸುತ್ತೆ, ಆದರೆ ಅಲ್ಲಿಂದ ಮೇಲಿನ 9 ಕಿ.ಮೀ.ಗೆ ಟ್ಯಾಕ್ಸಿ ಮಾತಾಡಿಕೊಳ್ಳಬೇಕು.
* ಹಿಡಿತ ಇರುವ ಶೂ ಹಾಕಿಕೊಳ್ಳಿ. ಚಪ್ಪಲಿ ಬೇಡ.
* ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಅಲ್ಕೆಟಸ್‌ನ ಸಮಾಧಿ ಮುಖ್ಯ ದಾರಿಯಿಂದ ಸ್ವಲ್ಪ ಪಕ್ಕಕ್ಕಿದೆ, ಬೋರ್ಡು ನೋಡಿಕೊಂಡು ಹೋಗಿ. ಥಿಯೇಟರ್ ನೋಡಿ ಇಳಿದುಬಿಡುವವರೇ ಜಾಸ್ತಿ.
* ನೀರು ಕೆಳಗಿಂದಲೇ ಹೊತ್ತುಕೊಂಡು ಹೋಗಿ. ಮೇಲೆ ಅಂಗಡಿ ಇಲ್ಲ, ತೊಟ್ಟಿಗಳೂ ಖಾಲಿ.